ನೊರೆ ನಿಂತಷ್ಟು ಹೊತ್ತು

ಶಿಷ್ಯ ಕೇಳಿದ: "ಗುರುಗಳೇ, ಸಿಟ್ಟಿಗಿಂತ ಕೆಟ್ಟದ್ದು ಯಾವುದಾದರೂ ಇದೆಯೇ?"

"ಯಾಕೆ ಕೇಳುತ್ತೀ?" ಎಂದರು ಗುರುಗಳು.

"ಬಹಳ ದಿನದಿಂದ ಯೋಚಿಸುತ್ತಿದ್ದೇನೆ. ಕಳ್ಳತನಕ್ಕೆ ಹಸಿವಿನ ನೆಪವಿದೆ. ಸುಳ್ಳಿಗೆ ಭಯದ ನೆಪವಿದೆ. ಸಿಟ್ಟಿಗೆ ಯಾವ ನೆಪವೂ ಇಲ್ಲ. ಅದು ಬಂದವನನ್ನೂ ಸುಡುತ್ತದೆ, ಎದುರಿಗೆ ಸಿಕ್ಕವನನ್ನೂ ಸುಡುತ್ತದೆ. ಎಲ್ಲಕ್ಕಿಂತ ಮೊದಲು ಬಿಡಬೇಕಾದದ್ದು ಅದನ್ನೇ ಎನಿಸುತ್ತದೆ."

ಗುರುಗಳು ಒಂದು ಕತೆ ಹೇಳಿದರು.

ಗುಡ್ಡದ ಬದಿಯಲ್ಲಿ ನಲವತ್ತು ಮನೆಗಳ ಒಂದು ಊರಿತ್ತು. ಅಲ್ಲಿ ಜವೆಗೋಧಿ ಬೆಳೆಯುತ್ತಿದ್ದರು. ಊಟಕ್ಕೆ ಬೇಕಾದಷ್ಟನ್ನು ಇಟ್ಟುಕೊಂಡು ಉಳಿದದ್ದರಲ್ಲಿ ಮನೆಮನೆಯಲ್ಲೂ ಹೆಂಡ ಮಾಡುತ್ತಿದ್ದರು. ಪೇಟೆಯವರು ಈಗ ಅದನ್ನು ಬಿಯರ್ ಎನ್ನುತ್ತಾರೆ. ಆ ಊರಲ್ಲಿ ಅದು ಬರೀ ಕುಡಿಯುವ ಪದಾರ್ಥವಾಗಿರಲಿಲ್ಲ. ನ್ಯಾಯಕ್ಕೂ ಅದೇ ಬೇಕಿತ್ತು.

ಪದ್ಧತಿ ಹೀಗಿತ್ತು. ವರ್ಷಕ್ಕೊಮ್ಮೆ, ಸುಗ್ಗಿ ಮುಗಿದ ಮೇಲೆ, ಊರೆಲ್ಲ ಕಣದಲ್ಲಿ ಸೇರಬೇಕು. ಐದು ಜನ ಹಿರಿಯರು ಕೂರಬೇಕು. ದೂರು ಇದ್ದವರು ತಮ್ಮ ಮನೆಯಲ್ಲೇ ಮಾಡಿದ ಹೆಂಡ ತರಬೇಕು. ಊರಿನ ಕಂಚಿನ ಬಟ್ಟಲಿಗೆ ಅದನ್ನು ಸುರಿಯಬೇಕು. ಹೆಂಡದ ಮೇಲೆ ನೊರೆ ನಿಂತಷ್ಟು ಹೊತ್ತು ದೂರುದಾರ ಮಾತನಾಡಬಹುದು. ಆ ಹೊತ್ತಿನಲ್ಲಿ ಬೇರೆ ಯಾರೂ ಬಾಯಿ ತೆರೆಯಬಾರದು, ಜಾಗ ಬಿಟ್ಟು ಏಳಬಾರದು. ನೊರೆ ಇಳಿದು ನಡುವೆ ಹೆಂಡದ ಬಣ್ಣ ಕಂಡಿತೆಂದರೆ ಮಾತು ಮುಗಿಯಿತು. ಆಮೇಲೆ ಹಿರಿಯರು ಆ ಹೆಂಡವನ್ನು ಕುಡಿದು ತೀರ್ಪು ಹೇಳಬೇಕು.

ಹಿಂದಿನವರು ಇದನ್ನು ಯಾಕೆ ಮಾಡಿದರೆಂದು ಯಾರಿಗೂ ನೆನಪಿರಲಿಲ್ಲ. ಆತುರದಲ್ಲಿ ಒಳ್ಳೆಯ ಹೆಂಡ ಆಗುವುದಿಲ್ಲ, ಅದಾಗುವಷ್ಟು ದಿನ ಕಾದವನ ದೂರು ಗಟ್ಟಿ ಇರುತ್ತದೆ ಎಂದುಕೊಂಡಿರಬಹುದು. ಆದರೆ ಬರಬರುತ್ತ ಪದ್ಧತಿ ಒಂದು ಕಡೆಗೆ ವಾಲಿತ್ತು. ಒಳ್ಳೆಯ ಕಾಳು, ದೊಡ್ಡ ಮಡಕೆ, ತಣ್ಣನೆಯ ಕೋಣೆ ಇದ್ದವರ ಹೆಂಡದ ಮೇಲೆ ನೊರೆ ನಿಲ್ಲುತ್ತಿತ್ತು. ಉಳಿದವರದ್ದು ಹೆಸರು ಹೇಳುವಷ್ಟರಲ್ಲಿ ಇಳಿಯುತ್ತಿತ್ತು. ಬಟ್ಟಲು ಇರುತ್ತಿದ್ದದ್ದು ಊರ ಯಜಮಾನನ ಮನೆಯಲ್ಲಿ. ಐವರು ಹಿರಿಯರಲ್ಲಿ ಅವನೂ ಒಬ್ಬ.

ಆ ಊರಲ್ಲಿ ದುರುಗವ್ವ ಎಂಬ ಹೆಂಗಸಿದ್ದಳು. ಅವಳ ಗಂಡ ಭರಮ ಮಣ್ಣಿನ ಗೋಡೆ ಕಟ್ಟುವವನು. ಒಂದು ವರ್ಷ ಯಜಮಾನ ಹೊಸ ಕಣಜದ ಮನೆ ಕಟ್ಟಿಸುತ್ತಿದ್ದ. ಮಣ್ಣಿನ ಗೋಡೆಯನ್ನು ಮೊಳ ಎತ್ತರ ಎಬ್ಬಿಸಿ, ಅದು ಒಣಗಿದ ಮೇಲೆ ಇನ್ನೊಂದು ಮೊಳ ಎಬ್ಬಿಸಬೇಕು. ಸುಗ್ಗಿ ಹತ್ತಿರ ಬಂದಿತ್ತು. ಯಜಮಾನ ಒಂದೇ ದಿನದಲ್ಲಿ ಎರಡು ಮೊಳ ಎಬ್ಬಿಸಲು ಹೇಳಿದ. "ಕೆಳಗಿನದು ಇನ್ನೂ ಹಸಿ ಇದೆ, ನಿಲ್ಲುವುದಿಲ್ಲ" ಎಂದ ಭರಮ. "ನಿಲ್ಲಿಸುವುದು ನಿನ್ನ ಕೆಲಸ" ಎಂದ ಯಜಮಾನ. ಮೂರನೆಯ ದಿನ ಗೋಡೆ ಕುಸಿಯಿತು. ಭರಮ ಅದರ ಕೆಳಗೆ ಸಿಕ್ಕಿ ಸತ್ತ.

ಹೆಣ ಹೊರಗೆ ತೆಗೆಯುವ ಮೊದಲೇ ಯಜಮಾನ ಹಿರಿಯರಿಗೆ ಹೇಳಿದ, "ಬೆಳಿಗ್ಗೆಯೇ ಕುಡಿದು ಬಂದಿದ್ದ. ಹಸಿ ಗೋಡೆಯ ಮೇಲೆ ಹತ್ತಿ ನಿಂತ. ನಾನು ಬೇಡವೆಂದೆ."

ಗೋಡೆಯ ಕೆಲಸಕ್ಕೆ ಆ ದಿನ ಏಳು ಜನ ಬಂದಿದ್ದರು. ಏಳೂ ಜನ ಅಲ್ಲೇ ನಿಂತಿದ್ದರು. ಒಬ್ಬರೂ ಮಾತನಾಡಲಿಲ್ಲ.

ಆ ಊರಲ್ಲಿ ಎಲ್ಲರೂ ಹೆಂಡ ಕುಡಿಯುವವರೇ. ಆದರೆ ಕುಡಿದು ಕೆಲಸಕ್ಕೆ ಬಂದು ಸತ್ತವನಿಗೆ ಊರ ಮಸಣದಲ್ಲಿ ಜಾಗವಿರಲಿಲ್ಲ. ಅವನನ್ನು ಹಳ್ಳದ ಆಚೆ ಹೂಳಬೇಕು, ಮೇಲೆ ಕಲ್ಲು ನೆಡಬಾರದು. ಭರಮನನ್ನು ಹಾಗೆಯೇ ಹೂಳಿದರು.

ಭರಮ ಹುಟ್ಟಿದಾಗಿನಿಂದ ಹೆಂಡ ಕುಡಿದವನಲ್ಲ. ಒಂದು ಗುಟುಕು ಒಳಗೆ ಹೋದರೆ ವಾಂತಿ ಮಾಡುತ್ತಿದ್ದ. ಹಬ್ಬದಲ್ಲಿ ಅವನ ಪಾಲನ್ನು ಪಕ್ಕದವರು ಕುಡಿಯುತ್ತಿದ್ದರು, ಅದನ್ನು ಹೇಳಿ ನಗುತ್ತಲೂ ಇದ್ದರು. ಇದು ಊರಿಗೆಲ್ಲ ಗೊತ್ತಿದ್ದ ಮಾತು.

ದುರುಗವ್ವ ಅಳಲಿಲ್ಲ. ಅವಳಿಗೆ ಸಿಟ್ಟು ಬಂದಿತ್ತು.

ಆ ವರ್ಷದ ಕಣದ ದಿನ ಹತ್ತಿರದಲ್ಲೇ ಇತ್ತು. ಅವಳು ಯಾವಾಗಲೂ ಮಾಡುವ ಹಾಗೆಯೇ ಹೆಂಡ ಮಾಡಿದಳು. ಜವೆಯನ್ನು ನೆನೆಸಿ ಮೊಳಕೆ ಬರಿಸಿದಳು, ಒಣಗಿಸಿ ಒಡೆದಳು, ಉಗುರುಬೆಚ್ಚಗಿನ ನೀರಿನಲ್ಲಿ ಕಲಸಿ ಇಟ್ಟಳು, ಸೋಸಿ ಕಾಯಿಸಿದಳು, ಆರಿದ ಮೇಲೆ ಹಳೆಯ ಮಡಕೆಯ ತಳದ ಗಷ್ಟು ಹಾಕಿ ಹುದುಗಲು ಬಿಟ್ಟಳು. ನಾಲ್ಕನೆಯ ದಿನ ಮಡಕೆ ಹೊತ್ತು ಕಣಕ್ಕೆ ಹೋದಳು. ಬಟ್ಟಲಿಗೆ ಸುರಿದಳು. ನೊರೆ ಬಂತು.

"ನನ್ನ ಗಂಡ ಕುಡಿದಿರಲಿಲ್ಲ" ಎಂದು ಅವಳು ಕೂಗಿದಳು. "ನೀವೆಲ್ಲ ಇಲ್ಲೇ ಕೂತಿದ್ದೀರಿ. ನಿಮಗೆ ನಾಚಿಕೆ—"

ಯಜಮಾನ ಬಟ್ಟಲ ಕಡೆ ಕೈ ತೋರಿಸಿದ. ನೊರೆ ಇಳಿದಿತ್ತು. ಹಿರಿಯರು ಒಂದೊಂದು ಗುಟುಕು ಕುಡಿದರು. "ನೀರು ಕುಡಿದ ಹಾಗಿದೆ" ಎಂದ ಒಬ್ಬ. ಯಾರೋ ನಕ್ಕರು. ತೀರ್ಪು ಇದ್ದದ್ದೇ ಉಳಿಯಿತು.

ಎರಡನೆಯ ವರ್ಷ ಅವಳು ಹೆಂಡಕ್ಕೆ ಬೆಲ್ಲ ಸುರಿದಳು. ಹೆಂಡ ಕಡಕ್ಕಾಯಿತು, ಗಂಟಲು ಸುಟ್ಟಿತು, ನೊರೆ ಮಾತ್ರ ಮೊದಲಿಗಿಂತ ಬೇಗ ಇಳಿಯಿತು. ಮಂತಿನಿಂದ ಕಡೆದು ನೋಡಿದಳು. ದೊಡ್ಡ ದೊಡ್ಡ ಗುಳ್ಳೆಗಳು ಎದ್ದು ಒಡೆದು ಹೋದವು. ಕಣದ ದಿನಕ್ಕೆ ಎರಡು ದಿನ ಉಳಿದಿತ್ತು. ಅವಳು ಒಂದು ಹಿಡಿ ಅಂಟುವಾಳದ ಕಾಯಿ ಜಜ್ಜಿ, ಆ ರಸವನ್ನು ಮಡಕೆಗೆ ಹಿಂಡಿದಳು. ಬಟ್ಟೆ ಒಗೆಯುವ ಕಾಯಿ ಅದು. ನೊರೆಗೆ ಅದಕ್ಕಿಂತ ಬೇರೆ ಬೇಕಿಲ್ಲ.

ಕಣದಲ್ಲಿ ನೊರೆ ಗುಡ್ಡದಂತೆ ನಿಂತಿತು. ಅವಳು ಮಾತು ಶುರುಮಾಡಿದಳು. ಯಜಮಾನ ಬಟ್ಟಲನ್ನೆತ್ತಿ ಮೂಗಿನ ಬಳಿ ಹಿಡಿದ. ಏನೂ ಹೇಳದೆ ಪಕ್ಕದ ಹಿರಿಯನಿಗೆ ಕೊಟ್ಟ. ಆ ಮುದುಕ ನೊರೆ ಸರಿಸಿ ಒಂದು ಗುಟುಕು ಕುಡಿದ. ಕುಡಿದವನು ಅಲ್ಲೇ ಕಾರಿಕೊಂಡ.

"ನ್ಯಾಯದ ಬಟ್ಟಲಿಗೆ ಮೋಸ ಮಾಡಿದ್ದಾಳೆ" ಎಂದ ಯಜಮಾನ. ಹಿರಿಯರು ಎರಡು ವರ್ಷ ಅವಳು ಕಣದಲ್ಲಿ ಬಾಯಿ ತೆರೆಯಬಾರದೆಂದರು. ಈ ಸಲ ಅವಳು ವಾದಿಸಲಿಲ್ಲ. ತಾನು ಮಾಡಿದ್ದು ಮೋಸವೇ ಎಂದು ಅವಳಿಗೆ ಗೊತ್ತಿತ್ತು. ಸಿಟ್ಟು ಯಜಮಾನನ ಮೇಲೆ ಇದ್ದಷ್ಟೇ ತನ್ನ ಮೇಲೂ ಬಂತು.

ಪಕ್ಕದ ಮನೆಯವಳು ಬಂದು ಸಮಾಧಾನ ಹೇಳಿದಳು. "ಬಿಟ್ಟುಬಿಡು ಅಕ್ಕ. ಹೋದವರು ಬರುತ್ತಾರೆಯೇ? ಸಿಟ್ಟು ಮಾಡಿಕೊಂಡು ನಿನ್ನ ಮೈ ನೀನು ಕೆಡಿಸಿಕೊಳ್ಳುತ್ತೀ." ಅವಳ ಗಂಡ ಕೆಂಚ ಆ ಏಳು ಜನರಲ್ಲಿ ಒಬ್ಬ. ಗೋಡೆಗೆ ಮಣ್ಣು ತುಳಿದವನು.

ಗುಡ್ಡದ ಆಚೆ ಒಂದು ಕೇರಿಯಿತ್ತು. ಅಲ್ಲಿ ಸಂಕವ್ವ ಎಂಬ ಮುದುಕಿ ಇದ್ದಳು. ಅರವತ್ತು ವರ್ಷದಿಂದ ಹೆಂಡ ಮಾಡಿದವಳು. ಮಾತು ಒರಟು. ದುರುಗವ್ವ ಒಂದು ತಂಬಿಗೆಯಲ್ಲಿ ತನ್ನ ಹೆಂಡ ತೆಗೆದುಕೊಂಡು ಅವಳ ಬಳಿಗೆ ಹೋದಳು. ಮುದುಕಿ ಒಂದು ಗುಟುಕು ಬಾಯಿಗೆ ಹಾಕಿಕೊಂಡು ಉಗುಳಿದಳು.

"ಏನೇನು ಹಾಕಿದೀ?"

"ಜವೆ, ನೀರು, ಬೆಲ್ಲ."

"ಬೆಲ್ಲ ಯಾಕೆ?"

"ಗಟ್ಟಿಯಾಗಲಿ ಎಂದು."

"ಗಟ್ಟಿಯಾಗಲಿಲ್ಲ, ಅಮಲಾಯಿತು. ಬೆಲ್ಲವನ್ನೆಲ್ಲ ಹುದುಗು ತಿಂದು ಮುಗಿಸಿತು, ಬಾಯಿಗೆ ಏನೂ ಉಳಿಯಲಿಲ್ಲ. ಇದಕ್ಕೆ ಮೈಯೇ ಇಲ್ಲವಲ್ಲೇ ತಂಗಿ. ಮೈಯಿಲ್ಲದ್ದರ ಮೇಲೆ ನೊರೆ ಏನನ್ನು ಹಿಡಿದುಕೊಂಡು ನಿಲ್ಲಬೇಕು?"

ದುರುಗವ್ವ ತನ್ನ ಕತೆಯನ್ನೆಲ್ಲ ಹೇಳಿದಳು. ಮುದುಕಿ ಕೊನೆಯವರೆಗೆ ಕೇಳಿದಳು. ಸಮಾಧಾನ ಹೇಳಲಿಲ್ಲ. "ನಾಳೆ ಒಂದು ಸೇರು ಜವೆ ತೆಗೆದುಕೊಂಡು ಬಾ" ಎಂದಳು.

ಎರಡು ವರ್ಷ ದುರುಗವ್ವ ಆ ಗುಡ್ಡ ಹತ್ತಿ ಇಳಿದಳು. ತನ್ನ ಹೊಲದ ಕೆಲಸ ಮುಗಿಸಿ ಹೋಗುತ್ತಿದ್ದಳು, ಹೊತ್ತು ಮುಳುಗುವ ಮೊದಲು ಬರುತ್ತಿದ್ದಳು. ಕಲಿತದ್ದು ಸುಲಭವಾಗಿ ಬರಲಿಲ್ಲ.

ಮೊದಲು ನೀರಿನ ಬಿಸಿ. ಉಗುರುಬೆಚ್ಚಗಿನ ನೀರಿನಲ್ಲಿ ಕಲಸಿ ಹೊತ್ತುಗಟ್ಟಲೆ ಬಿಟ್ಟರೆ ಕಾಳಿನ ಸತ್ವವೆಲ್ಲ ಸಿಹಿಯಾಗಿ ಕರಗುತ್ತದೆ, ಆ ಸಿಹಿಯನ್ನೆಲ್ಲ ಹುದುಗು ತಿನ್ನುತ್ತದೆ, ಉಳಿಯುವುದು ತೆಳ್ಳನೆಯ ನೀರು. ಬೆರಳು ಅದ್ದಿದ ಕೂಡಲೇ ತೆಗೆಯಬೇಕು, ಅಷ್ಟು ಬಿಸಿ ಇರಬೇಕು. ಆದರೆ ಕುದಿಯಬಾರದು. ಆಗ ಹುದುಗು ತಿನ್ನಲಾಗದ ಸತ್ವ ಕೊಂಚ ಹಿಂದೆ ಉಳಿಯುತ್ತದೆ. ಅದೇ ಹೆಂಡದ ಮೈ. ದುರುಗವ್ವನ ಬೆರಳು ಸುಟ್ಟು ಸುಟ್ಟು ದಡ್ಡುಗಟ್ಟಿತು. ನಾಲ್ಕು ಸಲ ನೀರು ತಣ್ಣಗಾಯಿತು, ಮೂರು ಸಲ ಕುದಿದು ಗಂಜಿಯಾಯಿತು. ಕೆಟ್ಟ ಮಡಕೆಯನ್ನು ಅವಳು ಕಾಲಿನಿಂದ ಒದ್ದಳು. ಮುದುಕಿ ಚೂರುಗಳನ್ನು ಅವಳಿಂದಲೇ ಬಳಿಸಿದಳು.

"ಸಿಟ್ಟು ಇರಲಿ" ಎಂದಳು. "ಅದನ್ನು ಕಾಲಿಗೆ ಇಳಿಸಬೇಡ."

ಆಮೇಲೆ ಗೋಧಿ. ಮೊಳಕೆ ಬರಿಸದ ಗೋಧಿಯನ್ನು ದಪ್ಪಗೆ ಒಡೆದು, ಬೇಯಿಸಿ, ಐದು ಪಾಲು ಜವೆಗೆ ಒಂದು ಪಾಲು ಸೇರಿಸಬೇಕು. ನೊರೆಗೆ ಅಂಟು ಬರುವುದು ಅದರಿಂದ. ಹೆಚ್ಚು ಹಾಕಿದರೆ ಹೆಂಡ ಬಗ್ಗಡವಾಗುತ್ತದೆ, ಸೋಸಲು ಬರುವುದಿಲ್ಲ. ಕುದಿಸುವಾಗ ಒಂದಿಷ್ಟು ಕಹಿ ಸೊಪ್ಪು ಹಾಕಬೇಕು. ಹುದುಗುವಾಗ ಮಡಕೆಯನ್ನು ಬಿಸಿಲಿಗೆ ಇಡಬಾರದು, ತಣ್ಣನೆಯ ಮೂಲೆಯಲ್ಲಿ ನೆಲದಲ್ಲಿ ಹೂತಿಡಬೇಕು. ಬೇಗ ಹುದುಗಿದ್ದು ಬೇಗ ಸಾಯುತ್ತದೆ. ಹುದುಗು ಇನ್ನೂ ಕೊಂಚ ಉಳಿದಿರುವಾಗಲೇ ಕಿರುಬಾಯಿಯ ಮಡಕೆಗೆ ತುಂಬಿ, ಬಾಯಿಗೆ ಬಟ್ಟೆ ಬಿಗಿದು, ಮೇಲೆ ಮೇಣ ಬಳಿದು, ಎರಡು ವಾರ ಮುಟ್ಟಬಾರದು. ಆಗ ಗಾಳಿ ಹೆಂಡದ ಒಳಗೇ ಇಳಿದು ಕೂರುತ್ತದೆ. ಸುರಿದಾಗ ಸಣ್ಣ ಗುಳ್ಳೆಯಾಗಿ ನಿಧಾನವಾಗಿ ಮೇಲೆ ಬರುತ್ತದೆ. ಸಣ್ಣ ಗುಳ್ಳೆ ನಿಲ್ಲುತ್ತದೆ. ದೊಡ್ಡದು ಒಡೆಯುತ್ತದೆ.

ಕಡೆಗೆ ಸುರಿಯುವ ಕೈ. ಅವಳು ಮಡಕೆಯನ್ನು ಎತ್ತಿದ ಕೂಡಲೇ ಭರಮನ ಮುಖ ನೆನಪಾಗುತ್ತಿತ್ತು, ಕೈ ಬಿರುಸಾಗುತ್ತಿತ್ತು, ನೊರೆಯೆಲ್ಲ ಒಂದೇ ಸಲ ಎದ್ದು ಬಟ್ಟಲ ಹೊರಗೆ ಚೆಲ್ಲುತ್ತಿತ್ತು. ಒಂದು ತಿಂಗಳು ಮುದುಕಿ ಅವಳಿಂದ ಬರೀ ನೀರು ಸುರಿಸಿದಳು. ಬಟ್ಟಲ ಅಂಚಿಗೆ ತಾಗಿಸಿ ನಿಧಾನ, ಕೊನೆಗೆ ನಡುವಿಗೆ ಕೊಂಚ ಎತ್ತರದಿಂದ. ಸಿಟ್ಟು ಹೋಗಲಿಲ್ಲ. ಕೈ ಮಾತ್ರ ಅದರ ಮಾತು ಕೇಳುವುದನ್ನು ಬಿಟ್ಟಿತು.

ಎರಡು ವರ್ಷ ಕಳೆಯುವ ಹೊತ್ತಿಗೆ ದುರುಗವ್ವನ ಹೆಂಡ ಬಾಯಿ ತುಂಬುತ್ತಿತ್ತು. ಅದರ ಮೇಲೆ ಎರಡು ಬೆರಳು ದಪ್ಪದ ಬಿಳಿ ನೊರೆ ನಿಲ್ಲುತ್ತಿತ್ತು. ಒಂದು ಮೊರ ಜೋಳ ಕೇರಿ ಮುಗಿಸಿದರೂ ಅದು ಇಳಿಯುತ್ತಿರಲಿಲ್ಲ.

"ಇನ್ನು ಬರಬೇಡ" ಎಂದಳು ಸಂಕವ್ವ.

ಐದನೆಯ ವರ್ಷದ ಕಣ. ದುರುಗವ್ವ ಮಡಕೆ ಇಳಿಸಿದಳು, ಮೇಣ ಕಿತ್ತಳು, ಅಂಚಿಗೆ ತಾಗಿಸಿ ನಿಧಾನವಾಗಿ ಸುರಿದಳು. ನೊರೆ ಎದ್ದಿತು. ಅವಳು ಕೂಗಲಿಲ್ಲ. "ನಾಲ್ಕು ವರ್ಷದ ಹಿಂದೆ ಗೋಡೆ ಬಿದ್ದ ದಿನ" ಎಂದು ಶುರುಮಾಡಿದಳು. ಅಷ್ಟರಲ್ಲಿ ನೊರೆ ಅಂಚಿನಿಂದ ಒಳಗೆ ಸುಟ್ಟ ಹಾಗೆ ಕರಗುತ್ತ ಬಂತು. ಅವಳು ಮುಂದಿನ ಮಾತು ಆಡುವ ಮೊದಲು ಹೆಂಡದ ಬಣ್ಣ ಕಂಡಿತು.

ಯಜಮಾನ ಕುಡಿದು, "ಹೆಂಡ ಚೆನ್ನಾಗಿದೆ" ಎಂದ. "ಹೇಳುವುದಕ್ಕೆ ಏನೂ ಇರಲಿಲ್ಲ ಎಂದು ಕಾಣುತ್ತದೆ."

ಆದರೆ ದುರುಗವ್ವ ಈಗ ನೊರೆ ನೋಡಿ ಬಲ್ಲವಳು. ಮೈ ಸಾಲದ ನೊರೆ ನಡುವೆ ಕುಸಿಯುತ್ತದೆ. ಇದು ಬಟ್ಟಲಿಗೆ ತಾಗಿದ ಕಡೆಯಿಂದ ಸತ್ತಿತ್ತು. ಖಾಲಿ ಬಟ್ಟಲನ್ನು ತಿರುಗಿ ಕೊಡುವಾಗ ಅವಳು ಒಳಗೆ ಒಂದು ಬೆರಳು ಆಡಿಸಿದಳು. ಬೆರಳು ಜಾರಿತು. ಮೂಸಿದಳು. ಕುರಿಯ ಕೊಬ್ಬು.

ಮನೆಗೆ ಬಂದು ಎರಡು ಬಟ್ಟಲು ಇಟ್ಟಳು. ಒಂದನ್ನು ಬೂದಿ ಹಾಕಿ ಉಜ್ಜಿ ಬಿಸಿನೀರಿನಲ್ಲಿ ತೊಳೆದಳು. ಇನ್ನೊಂದಕ್ಕೆ ಕೊಬ್ಬು ಸವರಿ, ಕಾಣದ ಹಾಗೆ ಬಟ್ಟೆಯಿಂದ ಒರೆಸಿದಳು. ಎರಡಕ್ಕೂ ಒಂದೇ ಮಡಕೆಯ ಹೆಂಡ ಸುರಿದಳು. ಮೊದಲನೆಯದರಲ್ಲಿ ನೊರೆ ನಿಂತಿತು. ಎರಡನೆಯದರಲ್ಲಿ ಅವಳು ಉಸಿರು ಬಿಡುವಷ್ಟರಲ್ಲಿ ಇಲ್ಲವಾಯಿತು.

ಆಗ ಅವಳಿಗೆ ಇನ್ನೊಂದು ಮಾತು ಹೊಳೆಯಿತು. ಯಜಮಾನನಿಗೆ ದೂರುಗಳು ಬೇಡವಾಗಿದ್ದದ್ದು ಇವತ್ತು ನಿನ್ನೆಯಲ್ಲ. ತನಗಿಂತ ಮೊದಲು ಎಷ್ಟು ಜನ ಆ ಬಟ್ಟಲ ಮುಂದೆ ನಿಂತು, ಹೆಸರು ಹೇಳುವಷ್ಟರಲ್ಲಿ ಮಾತು ಕಳೆದುಕೊಂಡು, ತಮ್ಮ ಹೆಂಡವೇ ಕೆಟ್ಟದ್ದೆಂದು ತಲೆ ತಗ್ಗಿಸಿ ಹೋಗಿದ್ದರೋ. ಒಬ್ಬಳು ಗಂಡ ಬಿಟ್ಟವಳು. ಒಬ್ಬ ಹೊಲದ ಬದು ಕಳೆದುಕೊಂಡವನು. ಒಬ್ಬ ಮಗಳನ್ನು ಕಳೆದುಕೊಂಡ ತಂದೆ. ಅವರೆಲ್ಲರ ಮುಖ ಅವಳಿಗೆ ನೆನಪಾಯಿತು. ಆ ಸಂಜೆ ಬಂದ ಸಿಟ್ಟು ಗಂಡ ಸತ್ತ ದಿನದ ಸಿಟ್ಟಿಗಿಂತ ದೊಡ್ಡದಾಗಿತ್ತು.

ಅವಳು ಕೆಲವರಿಗೆ ಹೇಳಿದಳು. "ಇರಬಹುದು" ಎಂದರು. "ನಾವೇನು ನೋಡಿದ್ದೇವೆಯೇ" ಎಂದರು. "ಯಜಮಾನರ ಜೊತೆ ನಮಗ್ಯಾಕೆ ವೈರ" ಎಂದರು. ಎಲ್ಲರೂ ಮೆತ್ತಗೆ, ಒಳ್ಳೆಯ ಮಾತಿನಲ್ಲೇ ಹೇಳಿದರು. ಅವಳು ಮತ್ತೆ ಯಾರನ್ನೂ ಕೇಳಲಿಲ್ಲ. ಇನ್ನೊಂದು ವರ್ಷ ಕಾದಳು.

ಆರನೆಯ ವರ್ಷ ಅವಳು ಕಣಕ್ಕೆ ಎರಡು ಮಡಕೆ ತಂದಳು. ಒಂದರಲ್ಲಿ ಹೆಂಡ. ಇನ್ನೊಂದರಲ್ಲಿ ಕುದಿಯುವ ನೀರು. ಸೆರಗಿನ ತುದಿಯಲ್ಲಿ ಬೂದಿ ಕಟ್ಟಿಕೊಂಡಿದ್ದಳು. ಬಟ್ಟಲನ್ನು ಹಿರಿಯರ ಮುಂದೆ ಇಟ್ಟಿದ್ದರು. ಅವಳು ಅದನ್ನು ಎತ್ತಿಕೊಳ್ಳಲು ಬಗ್ಗಿದಳು.

"ಬಿಡು" ಎಂದ ಯಜಮಾನ. "ನ್ಯಾಯದ ಬಟ್ಟಲನ್ನು ದೂರುದಾರರು ತೊಳೆಯುವ ಪದ್ಧತಿ ಇಲ್ಲ."

"ಕೊಬ್ಬು ಸವರುವ ಪದ್ಧತಿ ಇದೆಯೇ?" ಎಂದಳು ದುರುಗವ್ವ.

ನಾಲ್ಕು ವರ್ಷದ ಹಿಂದೆ ಅಂಟುವಾಳದ ಹೆಂಡ ಕುಡಿದು ಕಾರಿಕೊಂಡಿದ್ದ ಮುದುಕ ಅಲ್ಲೇ ಕೂತಿದ್ದ. ಐವರಲ್ಲಿ ಅವನೇ ಹಿರಿಯ. ಅವಳನ್ನು ಕಂಡರೆ ಅವನಿಗೆ ಆಗುತ್ತಿರಲಿಲ್ಲ. ಅವನು ಕೈ ಚಾಚಿ ಬಟ್ಟಲನ್ನು ತೆಗೆದುಕೊಂಡ. ಒಳಗೆ ಹೆಬ್ಬೆರಳು ಒತ್ತಿ ಎಳೆದ. ಹೆಬ್ಬೆರಳನ್ನು ಮೂಸಿದ. ಬಹಳ ಹೊತ್ತು ಯಜಮಾನನ ಮುಖ ನೋಡಿದ. ಆಮೇಲೆ ಬಟ್ಟಲನ್ನು ದುರುಗವ್ವನ ಕೈಗೆ ಕೊಟ್ಟ.

ಅವಳು ಊರೆಲ್ಲ ನೋಡುವಂತೆ ಬೂದಿ ಹಾಕಿ ಉಜ್ಜಿದಳು. ಬಿಸಿನೀರಿನಲ್ಲಿ ಮೂರು ಸಲ ತೊಳೆದಳು. ಗಾಳಿಗೆ ಹಿಡಿದು ಆರಿಸಿದಳು. ಬಟ್ಟೆ ತಾಗಿಸಲಿಲ್ಲ. ಆಮೇಲೆ ಹೆಂಡ ಸುರಿದಳು.

ನೊರೆ ಎರಡು ಬೆರಳು ಎದ್ದು ನಿಂತಿತು.

ದುರುಗವ್ವ ಹಿರಿಯರ ಕಡೆ ನೋಡಲಿಲ್ಲ. ಊರಿನ ಕಡೆ ತಿರುಗಿದಳು. ದನಿ ಏರಿಸಲಿಲ್ಲ. ಆದರೆ ಅಲ್ಲಿದ್ದವರು ಆಮೇಲೆ ಹೇಳಿದರು, ಅಂಥ ಸಿಟ್ಟನ್ನು ತಾವು ಎಂದೂ ಕೇಳಿರಲಿಲ್ಲ ಎಂದು.

"ಕೆಂಚ, ನೀನು ಮಣ್ಣು ತುಳಿಯುತ್ತಿದ್ದೆ. ಕೆಳಗಿನ ಗೋಡೆ ಹಸಿ ಇದೆ ಎಂದು ನನ್ನ ಗಂಡ ಹೇಳಿದ್ದು ನಿನಗೆ ಕೇಳಿಸಿತು. ನಿಂಗವ್ವ, ನೀನು ನೀರು ಹೊರುತ್ತಿದ್ದೆ. ಗೋಡೆಯಲ್ಲಿ ಬಿರುಕು ಕಂಡು ಮೊದಲು ಕೂಗಿದವಳು ನೀನು. ಹಾಲಪ್ಪಣ್ಣ, ಆ ಬೆಳಿಗ್ಗೆ ನನ್ನ ಗಂಡ ನಿನ್ನ ಪಕ್ಕದಲ್ಲಿ ಕೂತು ಬುತ್ತಿ ಉಂಡ. ಅವನ ಬಾಯಲ್ಲಿ ಹೆಂಡದ ವಾಸನೆ ಇತ್ತೇ?"

ಹೀಗೆ ಏಳು ಜನರ ಹೆಸರನ್ನೂ ಹೇಳಿದಳು. ಒಬ್ಬೊಬ್ಬರೂ ಎಲ್ಲಿ ನಿಂತಿದ್ದರು, ಏನು ಮಾಡುತ್ತಿದ್ದರು, ಏನು ಕಂಡರು, ಎಲ್ಲ ಹೇಳಿದಳು. ಐದು ವರ್ಷ ಅವಳು ಅದನ್ನು ಪ್ರತಿದಿನ ಮನಸ್ಸಿನಲ್ಲಿ ಜೋಡಿಸಿದ್ದಳು. ಒಂದು ಮಾತು ಹೆಚ್ಚಿರಲಿಲ್ಲ. ಆಮೇಲೆ ಹಬ್ಬದಲ್ಲಿ ಭರಮನ ಪಾಲಿನ ಹೆಂಡ ಕುಡಿದವರ ಹೆಸರು ಹೇಳಿದಳು. ಅವರು ಹದಿಮೂರು ಜನ. ಆಮೇಲೆ, ಆ ಬಟ್ಟಲ ಮುಂದೆ ಮಾತು ಕಳೆದುಕೊಂಡವರ ಹೆಸರು ಹೇಳಿದಳು. ಗಂಡ ಬಿಟ್ಟವಳು ಅಲ್ಲೇ ಕೂತಿದ್ದಳು. ತನ್ನ ಹೆಸರು ಬಂದಾಗ ತಲೆ ಎತ್ತಿದಳು.

ಅವಳ ಮಾತು ಮುಗಿಯಿತು. ನೊರೆ ಇನ್ನೂ ನಿಂತಿತ್ತು.

ಪದ್ಧತಿಯಂತೆ ಯಾರೂ ಮಾತನಾಡುವಂತಿಲ್ಲ, ಏಳುವಂತಿಲ್ಲ. ದುರುಗವ್ವ ಬಟ್ಟಲ ಪಕ್ಕದಲ್ಲಿ ನೆಲದ ಮೇಲೆ ಕೂತಳು. ಸುಮ್ಮನೆ ಒಬ್ಬೊಬ್ಬರ ಮುಖವನ್ನೂ ನೋಡಿದಳು. ನಲವತ್ತು ಮನೆಯ ಜನ ಆ ನೋಟದ ಕೆಳಗೆ ಕೂತಿರಬೇಕಾಯಿತು. ಕೆಲವರು ಬಟ್ಟಲನ್ನೇ ನೋಡುತ್ತಿದ್ದರು, ನೊರೆ ಬೇಗ ಇಳಿಯಲಿ ಎಂದು. ಅದು ಇಳಿಯಲಿಲ್ಲ. ಯಜಮಾನ ಒಮ್ಮೆ ಏಳಲು ಹೋದ. ಹಿರಿಯ ಮುದುಕ ಅವನ ತೊಡೆಯ ಮೇಲೆ ಕೈ ಇಟ್ಟು ಕೂರಿಸಿದ.

ಕಡೆಗೂ ನಡುವೆ ಹೆಂಡದ ಬಣ್ಣ ಕಂಡಿತು. ಹಿರಿಯರು ಇನ್ನೂ ಬಟ್ಟಲು ಎತ್ತಿರಲಿಲ್ಲ. ಕೆಂಚ ಎದ್ದು ನಿಂತ.

"ಗೋಡೆ ಹಸಿ ಇತ್ತು" ಎಂದ. "ಭರಮ ಬೇಡವೆಂದ. ಯಜಮಾನರು ಕಟ್ಟು ಎಂದರು. ಅವನು ಕುಡಿದಿರಲಿಲ್ಲ." ಅಷ್ಟು ಹೇಳಿ ಅವನು ಅತ್ತ. ಅವನ ಹಿಂದೆ ನಿಂಗವ್ವ ಎದ್ದಳು. ಆಮೇಲೆ ಹಾಲಪ್ಪ. ಆಮೇಲೆ ಉಳಿದವರು.

ತೀರ್ಪು ಬದಲಾಯಿತು. ಭರಮನ ಎಲುಬುಗಳನ್ನು ಹಳ್ಳದ ಆಚೆಯಿಂದ ತಂದು ಊರ ಮಸಣದಲ್ಲಿ ಹೂತು ಕಲ್ಲು ನೆಟ್ಟರು. ಆ ಕಲ್ಲನ್ನು ಗೋಡೆಯ ಕೆಲಸದ ಆ ಏಳು ಜನವೇ ಹೊತ್ತರು. ಯಜಮಾನನನ್ನು ಐವರು ಹಿರಿಯರ ಸಾಲಿನಿಂದ ಇಳಿಸಿದರು. ಬಟ್ಟಲನ್ನು ಅವನ ಮನೆಯಿಂದ ತೆಗೆದರು. ಆ ವರ್ಷದಿಂದ ದೂರುದಾರರೇ ಅದನ್ನು ಊರ ಮುಂದೆ ತೊಳೆದುಕೊಳ್ಳಬೇಕೆಂದಾಯಿತು. ಯಾರ ಮನೆಯ ಹೆಂಡಕ್ಕೆ ನೊರೆ ನಿಲ್ಲುವುದಿಲ್ಲವೋ ಅವರಿಗೆ ದುರುಗವ್ವ ಹೋಗಿ ಕಲಿಸಿಕೊಟ್ಟಳು. ಬೆರಳು ಅದ್ದುವ ಬಿಸಿಯಿಂದ ಹಿಡಿದು ಸುರಿಯುವ ಕೈಯವರೆಗೆ ಏನನ್ನೂ ಮುಚ್ಚಿಡಲಿಲ್ಲ.

ತೀರ್ಪಿನ ದಿನ ಯಜಮಾನ ಆ ಬಟ್ಟಲನ್ನು ಅವಳ ಮುಂದೆ ಹಿಡಿದು, "ಆದದ್ದು ಆಯಿತು ತಾಯಿ. ಇಬ್ಬರೂ ಒಂದೊಂದು ಗುಟುಕು ಕುಡಿದು ಮುಗಿಸೋಣ" ಎಂದಿದ್ದ. ಊರೆಲ್ಲ ಅವಳ ಕಡೆ ಆಸೆಯಿಂದ ನೋಡಿತ್ತು. ಅವಳು ಬಟ್ಟಲನ್ನು ಮುಟ್ಟದೆ ತನ್ನ ಎರಡು ಮಡಕೆ ಎತ್ತಿಕೊಂಡು ಮನೆಗೆ ಹೋಗಿದ್ದಳು. ಬದುಕಿರುವವರೆಗೆ ಅವನೊಡನೆ ಮಾತನಾಡಲಿಲ್ಲ.

ಗುರುಗಳು ಕತೆ ನಿಲ್ಲಿಸಿದರು.

ಶಿಷ್ಯನಿಗೆ ಕೊನೆ ಹಿಡಿಸಲಿಲ್ಲ. "ನ್ಯಾಯ ಸಿಕ್ಕಿದ್ದು ಸರಿಯೇ, ಗುರುಗಳೇ. ಆದರೆ ಅವಳು ಐದು ವರ್ಷ ಸಿಟ್ಟಿನಲ್ಲೇ ಬೆಂದಳು. ನ್ಯಾಯ ಸಿಕ್ಕ ಮೇಲೂ ಬಿಡಲಿಲ್ಲ. ಅವಳು ಶಾಂತಳಾಗಿ ಇದ್ದಿದ್ದರೆ ಒಳ್ಳೆಯದಿತ್ತಲ್ಲವೇ?"

ಗುರುಗಳು ಹೇಳಿದರು: "ಆ ಐದು ವರ್ಷವೂ ಊರಿನ ಉಳಿದವರೆಲ್ಲ ಶಾಂತವಾಗಿಯೇ ಇದ್ದರು."